ಬಾನಿನಲ್ಲಿಯೂ ದಾರಿಯುಂಟು
ರಾಗಿಯ ಕಣದಲ್ಲಿ ಎತ್ತುಗಳೆಲ್ಲ ಒಂದೇ ದಿಕ್ಕಿಗೆ ಸುತ್ತುವುದನ್ನು ಮರಳವಾಡಿಯ ಹಿರಿಯರು ಬಲ್ಲರು. ಬೆಂಗಳೂರಿನ ಜಕ್ಕೂರಿನಂತಹ ಸಣ್ಣ ವಿಮಾನನಿಲ್ದಾಣಗಳಿಗೂ ಇಂತಹುದೇ ಕಟ್ಟಳೆ ಅಗತ್ಯ. ನೆಲದಿಂದ ಸುಮಾರು 1000 ಅಡಿ ಎತ್ತರದಲ್ಲಿ, ಸಾಮಾನ್ಯವಾಗಿ ಎಡಕ್ಕೆ ತಿರುಗುತ್ತ, ಆಯತಾಕಾರವಾಗಿ ಸುತ್ತಿಬಂದು ಗಾಳಿಗೆದುರಾಗಿ ಇಳಿಯಬೇಕು. ಮುಖ್ಯ ಚಾಲಕನ ಆಸನ ಎಡಗಡೆಯಿರುವುದರಿಂದ ಓಡುದಾರಿ ಅವನಿಗೆ ಚೆನ್ನಾಗಿ ಕಾಣುತ್ತದೆ.

ಆಕಾಶ ಬರಿದಾಗಿರುವಾಗ ಅಡ್ಡಹಾದಿ ಹಿಡಿದರೇನು? ನಾವು ಒಪ್ಪಲಾರೆವು. ರೆಕ್ಕೆಯ ಮರೆಯಲ್ಲಿರುವ ವಿಮಾನ ಕಣ್ಣಿಗೆ ಬೀಳದು; ಎಲ್ಲರೂ ಒಂದೇ ಕ್ರಮದಲ್ಲಿ ಹಾರಿದರೆ ಅದನ್ನು ಎಲ್ಲಿ ಅರಸಬೇಕೆಂಬುದಾದರೂ ತಿಳಿದೀತು. 1996ರಲ್ಲಿ ಹರಿಯಾಣದ ಚರ್ಖಿ ದಾದ್ರಿಯ ಬಳಿ ಒಂದು ದೊಡ್ಡ ವಿಮಾನವು ಗೊತ್ತುಪಡಿಸಿದ ಎತ್ತರಕ್ಕಿಂತ ಕೆಳಗಿಳಿದು ಇನ್ನೊಂದಕ್ಕೆ ಬಡಿಯಿತು. 349 ಜನರು ಮಡಿದರು. ಹಾರುವವನಿಗೆ ಧೈರ್ಯಕ್ಕಿಂತ ಶಿಸ್ತೇ ಮೊದಲಿನದೆಂದು ನಮ್ಮ ಮತ.