ಬ್ರಿಜ್‌ಟೌನ್‌ಗೆ ನಡೆದೇ ಹೋಗಿ

ಅಮೆರಿಕದಲ್ಲಿ ನೆಲೆಸಿದ ಮಕ್ಕಳು ಊರಿಂದ ಬಂದ ಅಪ್ಪ ಅಮ್ಮನನ್ನು ಸುತ್ತಾಡಿಸುವ ಜಾಗಗಳ ಪಟ್ಟಿಗೆ ನಯಾಗರದ ಜೊತೆ ಈಗ ಕೆರಿಬಿಯನ್ ಕ್ರೂಸ್ ಕೂಡ ಸೇರಿದೆ. ಒಂದು ವಾರದ ಪ್ರಯಾಣ, ದಿನಕ್ಕೊಂದು ದ್ವೀಪ. ಹಡಗು ಬೆಳಿಗ್ಗೆ ನಿಂತು ಸಂಜೆ ಹೊರಡುತ್ತದೆ. ನಡುವೆ ಸಿಗುವ ಏಳೆಂಟು ಗಂಟೆಗಳಿಗೆ ಹಡಗಿನವರೇ ಕಾರ್ಯಕ್ರಮ ಸಿದ್ಧ ಮಾಡಿಟ್ಟಿರುತ್ತಾರೆ: ಎ.ಸಿ. ಬಸ್ಸು, ಗುಹೆ, ಆಮೆಗಳ ಜೊತೆ ಈಜು, ಬೀಚಿನಲ್ಲೊಂದು ಕುರ್ಚಿ. ಟಿಕೆಟ್ ಹಡಗಿನಲ್ಲೇ ಸಿಗುತ್ತದೆ, ಅದರಲ್ಲಿ ಹಡಗಿನ ಕಂಪನಿಗೂ ಪಾಲಿರುತ್ತದೆ. ಊಟಕ್ಕೆ ಮೊದಲೇ ಹಣ ಕಟ್ಟಿಯಾಗಿದೆ. ಹಸಿವಾದರೆ ಜನ ಹಡಗಿಗೇ ಮರಳುತ್ತಾರೆ. ಹೀಗೆ ಸಾವಿರಾರು ಮಂದಿ ಒಂದು ದೇಶಕ್ಕೆ ಬಂದು, ಆ ದೇಶದ ಒಬ್ಬರಿಗೂ ನಮಸ್ಕಾರ ಹೇಳದೆ ಹೋಗಿಬಿಡುತ್ತಾರೆ.

ಬಾರ್ಬಡೋಸ್‌ನಲ್ಲಿ ಹಡಗು ನಿಂತರೆ ದಯವಿಟ್ಟು ಹೀಗೆ ಮಾಡಬೇಡಿ. ರಾಜಧಾನಿ ಬ್ರಿಜ್‌ಟೌನ್ ಬಂದರಿನಿಂದ ಬರೀ ಒಂದು ಮೈಲಿ. ಸಮುದ್ರದ ಪಕ್ಕದಲ್ಲೇ ಸಮತಟ್ಟಾದ ರಸ್ತೆ. ಮೊಣಕಾಲು ನೋವಿನವರೂ ನಿಧಾನವಾಗಿ ನಡೆದರೆ ಅರ್ಧ ಗಂಟೆಯೊಳಗೆ ಪೇಟೆ ಸೇರಬಹುದು. ಒಂದು ಟೋಪಿ, ಒಂದು ನೀರಿನ ಬಾಟಲಿ ಸಾಕು. ಮಿಲಿಟರಿ ಬಣ್ಣದ ಹಸಿರು ಚುಕ್ಕೆ ಬಟ್ಟೆ ಮಾತ್ರ ಬೇಡ. ಸೈನಿಕರಲ್ಲದವರು, ಮಕ್ಕಳು ಕೂಡ, ಅದನ್ನು ತೊಡುವುದು ಅಲ್ಲಿ ಕಾನೂನಿಗೆ ವಿರುದ್ಧ.

ಹಡಗು ಇಷ್ಟು ಹತ್ತಿರ ನಿಲ್ಲುವುದು 1961ರಿಂದ, ಆಳದ ಬಂದರು ಕಟ್ಟಿದ ಮೇಲೆ. ಅದಕ್ಕೆ ಮೊದಲು ದೊಡ್ಡ ಹಡಗುಗಳು ಕಾರ್ಲೈಲ್ ಕೊಲ್ಲಿಯಲ್ಲಿ ಲಂಗರು ಹಾಕಿ, ಜನರನ್ನೂ ಸಕ್ಕರೆ ಮೂಟೆಗಳನ್ನೂ ಸಣ್ಣ ದೋಣಿಗಳಲ್ಲಿ ಸಾಗಿಸುತ್ತಿದ್ದವು. ಈಗ ಬಂದರಿನ ಗೇಟು ದಾಟಿದರೆ ಪ್ರಿನ್ಸೆಸ್ ಆಲಿಸ್ ಹೆದ್ದಾರಿ, ಅದರ ಬದಿಯಲ್ಲಿ ಮೀನುಗಾರಿಕೆ ಧಕ್ಕೆ. ಇಲ್ಲಿ ಸ್ವಲ್ಪ ನಿಲ್ಲಬೇಕು. 2024ರ ಜೂನ್ 29ರಂದು ಈ ಊರಿನಲ್ಲೇ ಭಾರತ ಟಿ20 ವಿಶ್ವಕಪ್ ಗೆದ್ದಿತು. ಗೆದ್ದ ತಂಡಕ್ಕೆ ತಕ್ಷಣ ಹೊರಡಲಾಗಲಿಲ್ಲ. ಬೆರಿಲ್ ಚಂಡಮಾರುತದಿಂದ ವಿಮಾನ ನಿಲ್ದಾಣ ಮುಚ್ಚಿತ್ತು. ನಮ್ಮ ಆಟಗಾರರು ಹೋಟೆಲಿನಲ್ಲಿ ಸಿಕ್ಕಿಕೊಂಡದ್ದು ನಮ್ಮ ಟಿವಿಗಳಿಗೆಲ್ಲ ದೊಡ್ಡ ಸುದ್ದಿಯಾಯಿತು. ಅದೇ ಚಂಡಮಾರುತ ಜುಲೈ 1ರಂದು ಎಬ್ಬಿಸಿದ ಅಲೆಗಳು ಈ ಧಕ್ಕೆಯಲ್ಲಿ ಕಟ್ಟಿಹಾಕಿದ್ದ ಮೀನುಗಾರರ ದೋಣಿಗಳನ್ನು ಒಂದಕ್ಕೊಂದು ಬಡಿದು ಒಡೆದು ಮುಳುಗಿಸಿದವು. ಚಂಡಮಾರುತ ದ್ವೀಪದ ದಕ್ಷಿಣಕ್ಕೆ ಹಾದುಹೋಗಿತ್ತಷ್ಟೇ, ನೇರವಾಗಿ ಅಪ್ಪಳಿಸಿರಲಿಲ್ಲ. ಆದರೂ ಎಷ್ಟೋ ಮನೆಗಳ ಅನ್ನದ ದಾರಿ ಒಂದು ಬೆಳಗಿನಲ್ಲಿ ಹೋಯಿತು. ಅವರ ಸುದ್ದಿ ನಮ್ಮ ಕಿವಿಗೆ ಬಿದ್ದದ್ದು ಕಡಿಮೆ.

ಮುಂದೆ ಚೀಪ್‌ಸೈಡ್ ಮಾರುಕಟ್ಟೆ. ಶನಿವಾರ ಬೆಳಿಗ್ಗೆ ಹೋದರೆ ಪೂರ್ತಿ ಕಳೆಗಟ್ಟಿರುತ್ತದೆ. ಅಂಗಡಿಯ ಮುಂದೆ ನಿಂತು ಮೊದಲು ‘ಗುಡ್ ಮಾರ್ನಿಂಗ್’ ಎನ್ನಬೇಕು. ಬೆಲೆ ಕೇಳುವುದು ಆಮೇಲೆ. ಅಲ್ಲಿನವರು ಇದನ್ನು ಬಲು ಮುಖ್ಯವೆಂದು ಎಣಿಸುತ್ತಾರೆ, ನನಗೂ ಅದು ಸರಿಯೆನಿಸಿತು. ಒಂದು ಗುಡ್ ಮಾರ್ನಿಂಗ್‌ಗೆ ಹಣ್ಣಿನ ಅಂಗಡಿಯಾಕೆ ತನ್ನ ಬುಟ್ಟಿಯಲ್ಲಿದ್ದ ಪ್ರತಿಯೊಂದರ ಹೆಸರನ್ನೂ ಹೇಳಿ, ಹೇಗೆ ಬೇಯಿಸಬೇಕೆಂದೂ ವಿವರಿಸಿದರು. ಕರಾವಳಿಯವರಿಗೆ ಅಲ್ಲಿ ಗುರುತಿನ ಮುಖಗಳು ಬೇಕಾದಷ್ಟು. ಬ್ರೆಡ್‌ಫ್ರೂಟ್ ಎಂದು ರಾಶಿ ಹಾಕಿರುವುದು ನಮ್ಮ ಜೀಗುಜ್ಜೆ. ತೋಟದ ಗುಲಾಮರಿಗೆ ಅಗ್ಗದಲ್ಲಿ ಹೊಟ್ಟೆ ತುಂಬಿಸಲೆಂದು ಬ್ರಿಟಿಷರು 1793ರಲ್ಲಿ ಪೆಸಿಫಿಕ್ ದ್ವೀಪಗಳಿಂದ ಇದರ ಸಸಿಗಳನ್ನು ಹಡಗಿನಲ್ಲಿ ಕೆರಿಬಿಯನ್‌ಗೆ ತಂದರು. ಗೋಲ್ಡನ್ ಆ್ಯಪಲ್ ಎನ್ನುವುದು ಅಮಟೆಕಾಯಿಯ ಹತ್ತಿರದ ನೆಂಟ. ಹುಣಸೆಹಣ್ಣನ್ನು ಸಕ್ಕರೆಯಲ್ಲಿ ಉರುಳಿಸಿದ ಉಂಡೆಗಳೂ ಉಂಟು. ಮಾಬಿ ಎಂಬ ಪಾನಕವನ್ನು ಮರದ ತೊಗಟೆ ಕುದಿಸಿ ಮಾಡುತ್ತಾರೆ. ಮೊದಲ ಗುಟುಕು ಕಹಿ, ಎರಡನೆಯದಕ್ಕೆ ನಾಲಿಗೆ ಒಗ್ಗುತ್ತದೆ.

ರಾಷ್ಟ್ರೀಯ ಅಡುಗೆ ಕೂಕೂ ಮತ್ತು ಹಾರುವ ಮೀನು. ಮೆಕ್ಕೆಜೋಳದ ಹಿಟ್ಟು, ಬೆಂಡೆಕಾಯಿ ಬೇಯಿಸಿದ ಲೋಳೆ ನೀರು, ಚಪ್ಪಟೆ ಮರದ ಕೋಲು, ಗಂಟಾಗದಂತೆ ತಿರುವುವ ರಟ್ಟೆಯ ಬಲ: ಮುದ್ದೆ ತೊಳಸಿದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಮೀನು ತಿನ್ನದವರು ರಾಸ್ತಾಫಾರಿ ಪಂಥದವರ ‘ಐಟಲ್’ ಊಟ ಎಲ್ಲಿ ಸಿಗುತ್ತದೆಂದು ಕೇಳಲಿ, ಪೂರ್ತಿ ಸೊಪ್ಪು ತರಕಾರಿ. ಅದೂ ಸಿಗದಿದ್ದರೆ ಆಲೂಗಡ್ಡೆ, ಕಡಲೆ ಸುತ್ತಿ ಕೊಡುವ ರೋಟಿ ಇದೆ. ಟ್ರಿನಿಡಾಡ್, ಗಯಾನಾಗಳಿಗೆ ಕೂಲಿಗಳಾಗಿ ಹೋದ ಭಾರತೀಯರ ಅಡುಗೆಮನೆಯಿಂದ ಅದು ಇಲ್ಲಿಗೆ ದಾಟಿ ಬಂದಿದೆ.

ಅಮೆರಿಕದ ಡಾಲರ್ ಎಲ್ಲ ಕಡೆ ನಡೆಯುತ್ತದೆ. ಒಂದಕ್ಕೆ ಎರಡು ಬಾರ್ಬಡೋಸ್ ಡಾಲರ್, 1975ರಿಂದ ಬದಲಾಗದ ಲೆಕ್ಕ. ಚಿಲ್ಲರೆಯಾಗಿ ಐದರ ನೋಟು ಬಂದರೆ ಹಾಗೇ ಜೇಬಿಗೆ ತುರುಕಬೇಡಿ. ಅದರ ಮೇಲಿರುವುದು ಫ್ರಾಂಕ್ ವೊರೆಲ್, ಇಡೀ ಸರಣಿಗೆ ವೆಸ್ಟ್ ಇಂಡೀಸ್ ನಾಯಕನಾಗಿ ನೇಮಕಗೊಂಡ ಮೊದಲ ಕಪ್ಪು ಕ್ರಿಕೆಟಿಗ. 1962ರ ಮಾರ್ಚಿನಲ್ಲಿ ಇದೇ ಊರಿನಲ್ಲಿ ಚಾರ್ಲಿ ಗ್ರಿಫಿತ್ ಎಸೆದ ಚೆಂಡು ಭಾರತದ ನಾಯಕ ನಾರಿ ಕಂಟ್ರಾಕ್ಟರ್ ಅವರ ತಲೆಬುರುಡೆ ಒಡೆಯಿತು. ಪ್ರಾಣ ಉಳಿಸಲು ರಕ್ತ ಬೇಕಾದಾಗ ಎದುರಾಳಿ ವೊರೆಲ್ ತೋಳು ಚಾಚಿದರು. ಅಂಥವರ ಮುಖವನ್ನು ನೋಟಿನ ಮೇಲೆ ಅಚ್ಚು ಹಾಕಿಸಿದ ದೇಶದ ಬಗ್ಗೆ ನನಗೆ ತುಂಬು ಗೌರವ.

ಬ್ರಾಡ್ ಸ್ಟ್ರೀಟ್‌ನ ವಜ್ರ, ಗಡಿಯಾರ, ಡ್ಯೂಟಿ ಫ್ರೀ ಅಂಗಡಿಗಳಲ್ಲಿ ಹೊತ್ತು ಕಳೆಯಬೇಡಿ, ಅವು ಎಲ್ಲ ಬಂದರಿನಲ್ಲೂ ಒಂದೇ. ಒಂದು ಬೀದಿ ಒಳಗೆ ಸ್ವಾನ್ ಸ್ಟ್ರೀಟ್‌ಗೆ ಹೊರಳಿ. ಅಲ್ಲಿ ಊರಿನವರು ಬಟ್ಟೆ, ಬಕೆಟ್ಟು, ಶಾಲೆಯ ಬೂಟು ಕೊಳ್ಳುತ್ತಾರೆ. ಕೆಲವು ಗಲ್ಲಾಗಳ ಹಿಂದೆ ಗುಜರಾತಿ ಕೇಳಿಸುತ್ತದೆ. ಬಾರ್ಬಡೋಸ್‌ಗೆ ಟ್ರಿನಿಡಾಡ್‌ನಂತೆ ಭಾರತೀಯ ಕೂಲಿಗಳು ಬರಲಿಲ್ಲ; ಬಂದವರು ವ್ಯಾಪಾರಿಗಳು, 20ನೇ ಶತಮಾನದ ಮೊದಲ ದಶಕಗಳಲ್ಲಿ ಬಂಗಾಳದಿಂದ, ಆಮೇಲೆ ಸೂರತ್ ಕಡೆಯಿಂದ. ಬಟ್ಟೆ ಗಂಟು ಹೊತ್ತು ಮನೆಮನೆಗೆ ಹೋಗಿ ಸಾಲಕ್ಕೆ ಮಾರಿ, ವಾರಕ್ಕಿಷ್ಟು ವಸೂಲು ಮಾಡುತ್ತಿದ್ದರು. ಬ್ಯಾಂಕು ಬಾಗಿಲು ತೆರೆಯದಿದ್ದ ಬಡವರಿಗೆ ಆ ಸಾಲದ ಪುಸ್ತಕವೇ ಆಸರೆಯಾಗಿತ್ತು.

ಅಲ್ಲಿಂದ ಸ್ವಲ್ಪ ಮುಂದೆ ನಿಧೆ ಇಸ್ರಾಯೆಲ್ ಸಿನಗಾಗ್, ಯಹೂದಿಗಳ ಪ್ರಾರ್ಥನಾಮಂದಿರ. ಕಟ್ಟಿದ್ದು 1654ರಲ್ಲಿ; 1831ರ ಚಂಡಮಾರುತ ಕೆಡವಿತು, 1833ರಲ್ಲಿ ಮತ್ತೆ ಎದ್ದಿತು. ಬ್ರೆಜಿಲ್‌ನಿಂದ ಓಡಿಬಂದ ಯಹೂದಿಗಳು ಇಲ್ಲಿ ನೆಲೆ ಕಂಡರು. ಪಕ್ಕದ ನೆಲ ಅಗೆಯುವಾಗ 2008ರಲ್ಲಿ 17ನೇ ಶತಮಾನದ ಸ್ನಾನದ ಕೊಳವೊಂದು ಸಿಕ್ಕಿತು. ಇಂದಿಗೂ ಅದರಲ್ಲಿ ಒರತೆಯ ನೀರಿದೆ.

ಊರಿನ ನಡುಮಧ್ಯ ನ್ಯಾಷನಲ್ ಹೀರೋಸ್ ಚೌಕ, ಎದುರಿಗೆ ಹವಳದ ಸುಣ್ಣಕಲ್ಲಿನ ಸಂಸತ್ತು. ನನ್ನ ಮಟ್ಟಿಗೆ ಇಡೀ ನಡಿಗೆಯ ತಿರುಳು ಇಲ್ಲಿದೆ. ಇಲ್ಲಿನ ಶಾಸನಸಭೆ ಶುರುವಾದದ್ದು 1639ರಲ್ಲಿ. ಕಾಮನ್‌ವೆಲ್ತ್‌ನಲ್ಲಿ ಬ್ರಿಟನ್, ಬರ್ಮುಡಾ ಬಿಟ್ಟರೆ ಇದೇ ಹಳೆಯದು ಎಂದು ಫಲಕಗಳು ಹೇಳುತ್ತವೆ. ಅದೇ ಸಭೆ 1661ರಲ್ಲಿ ಗುಲಾಮರ ಕಾಯ್ದೆ ಮಾಡಿತು. ಆಫ್ರಿಕಾದಿಂದ ಹಿಡಿದು ತಂದ ಮನುಷ್ಯರನ್ನು ಒಡೆಯನ ಸ್ವತ್ತೆಂದು ಬರೆದ ಆ ಕಾನೂನನ್ನು ಜಮೈಕಾ, ದಕ್ಷಿಣ ಕೆರೊಲಿನಾಗಳು ಮಾದರಿಯಾಗಿ ತೆಗೆದುಕೊಂಡವು. ಕಬ್ಬಿನ ಹಣ ಲಂಡನ್ನಿಗೆ ಹರಿಯಿತು. 1816ರ ಏಪ್ರಿಲ್‌ನಲ್ಲಿ ಬುಸ್ಸಾ ಎಂಬಾತನ ನೇತೃತ್ವದಲ್ಲಿ ಗುಲಾಮರು ಬಂಡೆದ್ದರು. ಸೈನ್ಯ ಅವರನ್ನು ಕೊಂದು ಹಾಕಿತು. ಗುಲಾಮಗಿರಿ 1834ರಲ್ಲಿ ಕಾನೂನಿನಲ್ಲಿ ಕೊನೆಗೊಂಡರೂ ‘ಅಪ್ರೆಂಟಿಸ್’ ಎಂಬ ಹೆಸರಿನ ಜೀತ 1838ರವರೆಗೆ ಉಳಿಯಿತು. ಬಿಡುಗಡೆಗೊಂಡವರ ಮಕ್ಕಳು ಮೊಮ್ಮಕ್ಕಳೆಲ್ಲರೂ ಈ ಸಭೆಗೆ ಓಟು ಹಾಕುವಂತಾಗಲು ಇನ್ನೂ ನೂರಕ್ಕೂ ಹೆಚ್ಚು ವರ್ಷ ಕಾಯಬೇಕಾಯಿತು. ವಯಸ್ಕರೆಲ್ಲರೂ ಮತ ಹಾಕಿದ ಮೊದಲ ಚುನಾವಣೆ ನಡೆದದ್ದು 1951ರಲ್ಲಿ, ನಮ್ಮ ಮೊದಲ ಮಹಾಚುನಾವಣೆ ಶುರುವಾದ ವರ್ಷವೇ.

ಆ ಓಟು ಸುಮ್ಮನೆ ಸಿಗಲಿಲ್ಲ. 1937ರಲ್ಲಿ ಕ್ಲೆಮೆಂಟ್ ಪೇನ್ ಎಂಬ ಕಾರ್ಮಿಕ ನಾಯಕ ಇಲ್ಲಿನ ಗೋಲ್ಡನ್ ಸ್ಕ್ವೇರ್‌ನಲ್ಲಿ ರಾತ್ರಿ ಸಭೆಗಳನ್ನು ನಡೆಸಿ ಸಂಘ ಕಟ್ಟಿ ಎಂದು ಕರೆ ಕೊಟ್ಟರು. ಟ್ರಿನಿಡಾಡ್‌ನಲ್ಲಿ ಹುಟ್ಟಿದವರೆಂಬ ನೆಪ ಮಾಡಿ ಸರ್ಕಾರ ಜುಲೈ 26ರಂದು ಅವರನ್ನು ಗಡೀಪಾರು ಮಾಡಿತು. ಊರು ಸಿಡಿಯಿತು, ಗೋಲಿಬಾರಿನಲ್ಲಿ ಹದಿನಾಲ್ಕು ಜನ ಸತ್ತರು. ಇಂದು ಪೇನ್ ರಾಷ್ಟ್ರವೀರರ ಸಾಲಿನಲ್ಲಿದ್ದಾರೆ.

ಈ ಚೌಕದಲ್ಲಿ 1813ರಿಂದ ಅಡ್ಮಿರಲ್ ನೆಲ್ಸನ್ ಪ್ರತಿಮೆ ನಿಂತಿತ್ತು, ಲಂಡನ್ನಿನ ಪ್ರಸಿದ್ಧ ಕಂಬಕ್ಕಿಂತ ಎಷ್ಟೋ ಹಳೆಯದು. ಗುಲಾಮ ವ್ಯಾಪಾರದ ಪರ ಮಾತಾಡಿದ ಆತ ಇಲ್ಲೇಕೆ ಎಂಬ ಪ್ರಶ್ನೆ ದಶಕಗಳ ಕಾಲ ಎದ್ದಿತ್ತು. 1999ರಲ್ಲಿ ಟ್ರಫಾಲ್ಗರ್ ಎಂಬ ಚೌಕದ ಹೆಸರು ಬದಲಾಯಿತು. 2020ರ ನವೆಂಬರ್ 16ರಂದು ಪ್ರತಿಮೆಯನ್ನು ಒಡೆಯದೆ, ಜನರೆದುರೇ ಇಳಿಸಿ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದರು. ಮರುವರ್ಷ ನವೆಂಬರ್ 30ರಂದು ಅದೇ ಚೌಕದಲ್ಲಿ ದೇಶ ಗಣರಾಜ್ಯವಾಯಿತು. ಸಾಂಡ್ರಾ ಮೇಸನ್ ಮೊದಲ ರಾಷ್ಟ್ರಪತಿಯಾದರು. ಮೂರು ಲಕ್ಷವೂ ಇಲ್ಲದ ಜನ ಇತಿಹಾಸದ ಇಷ್ಟು ಕಷ್ಟದ ಲೆಕ್ಕವನ್ನು ಇಷ್ಟು ಸಮಾಧಾನದಿಂದ ತೀರಿಸಿದ್ದು ನನಗೆ ಅಪರೂಪದ ಸಾಧನೆಯಾಗಿ ಕಾಣುತ್ತದೆ. ಬಸ್ಸಿನ ಕಿಟಕಿಯಿಂದ ಕಂಡರೆ ಅದು ಬರೀ ಒಂದು ಖಾಲಿ ಪೀಠದ ಜಾಗ.

ಚೌಕದ ಪಕ್ಕದ ಕಾಲುವೆಗೆ ಕರೀನೇಜ್ ಎನ್ನುತ್ತಾರೆ. ಮರದ ಹಡಗುಗಳನ್ನು ಇಲ್ಲಿ ಒಂದು ಮಗ್ಗುಲಿಗೆ ವಾಲಿಸಿ ತಳದ ಪಾಚಿ, ಚಿಪ್ಪು ಕೆರೆಯುತ್ತಿದ್ದರು. ಸೇತುವೆ ದಾಟಿದರೆ ಇಂಡಿಪೆಂಡೆನ್ಸ್ ಚೌಕ, ಅಲ್ಲಿ 1966ರ ಸ್ವಾತಂತ್ರ್ಯದ ನಾಯಕ ಎರಲ್ ಬ್ಯಾರೋ ಪ್ರತಿಮೆ. ನೆರಳಿನಲ್ಲಿ ಬೆಂಚುಗಳಿವೆ, ಕೂತು ದಣಿವಾರಿಸಿಕೊಳ್ಳಿ.

ಮರಳುವಾಗ ಹೆದ್ದಾರಿ ಬಿಟ್ಟು ಒಳದಾರಿ ಹಿಡಿಯಿರಿ. ಪುಟ್ಟ ಮರದ ಮನೆಗಳು ಕಾಣುತ್ತವೆ, ಕಡಿದಾದ ತಗಡಿನ ಮಾಡು, ನಡುವೆ ಬಾಗಿಲು, ಎರಡು ಪಕ್ಕ ಕಿಟಕಿ. ಇವು ಚಾಟೆಲ್ ಮನೆಗಳು. ಗುಲಾಮಗಿರಿ ಹೋದರೂ ನೆಲ ತೋಟದ ಒಡೆಯನದೇ ಆಗಿತ್ತು. ಅವನು ಏಳು ಎಂದರೆ ಏಳಬೇಕು. ಅದಕ್ಕೇ ಬಿಡಿಕಲ್ಲುಗಳ ಮೇಲೆ ಮನೆ ಕೂರಿಸಿ, ಹಲಗೆ ಹಲಗೆಯಾಗಿ ಬಿಚ್ಚಿ ಗಾಡಿಯಲ್ಲಿ ಹೇರಿಕೊಂಡು ಹೋಗುವಂತೆ ಕಟ್ಟಿದರು. ಬಾಡಿಗೆ ನೆಲವನ್ನು ಕೊಳ್ಳುವ ಹಕ್ಕು ಕಾನೂನಾಗಿ ಬಂದದ್ದು 1980ರಲ್ಲಿ. ಬಣ್ಣ ಚೆಂದವೆಂದು ಫೋಟೋ ತೆಗೆಯುವ ಮುಂಚೆ ಮನೆಯವರನ್ನು ಒಂದು ಮಾತು ಕೇಳಿ.

ಹಾಗೇ ವೆಸ್ಟ್‌ಬರಿ ಕಡೆ ಬಂದರೆ ಗಾಯಕಿ ರಿಹಾನಾ ಬೆಳೆದ ಬೀದಿ, ಈಗ ಅವರದೇ ಹೆಸರು ಹೊತ್ತಿದೆ. ಅಲ್ಲೇ ಹತ್ತಿರ ಕೆನ್ಸಿಂಗ್ಟನ್ ಓವಲ್ ಕ್ರಿಕೆಟ್ ಮೈದಾನ. ವೆಸ್ಟ್ ಇಂಡೀಸ್ ಆಟಗಾರರಾದ ವೊರೆಲ್, ವೀಕ್ಸ್, ವಾಲ್ಕಾಟ್ ಮೂವರೂ ಈ ಮೈದಾನದ ಸುತ್ತಮುತ್ತ ಹದಿನೆಂಟು ತಿಂಗಳೊಳಗೆ ಹುಟ್ಟಿದವರು. ಎವರ್ಟನ್ ವೀಕ್ಸ್ ಮನೆ ಮೈದಾನದ ಪಕ್ಕದಲ್ಲೇ ಇದ್ದರೂ ಅಲ್ಲಿನ ಕ್ಲಬ್ಬು ಬಿಳಿಯರಿಗೆ ಮಾತ್ರ. ಹುಡುಗ ಮೈದಾನದ ಕೆಲಸಗಾರರಿಗೆ ಕೈಜೋಡಿಸಿ, ಆ ನೆಪದಲ್ಲಿ ಒಳಗೆ ಹೋಗಿ ಆಟ ನೋಡುತ್ತಿದ್ದ. ಮುಂದೆ ಟೆಸ್ಟ್‌ನಲ್ಲಿ ಸತತ ಐದು ಶತಕ ಬಾರಿಸಿದ, ಅದರಲ್ಲಿ ನಾಲ್ಕು 1948ರ ಕೊನೆಗೆ ಶುರುವಾದ ಭಾರತ ಪ್ರವಾಸದಲ್ಲಿ. ಆರನೆಯದಕ್ಕೆ ಹತ್ತು ರನ್ ಬೇಕಿದ್ದಾಗ ಮದರಾಸಿನಲ್ಲಿ ರನೌಟ್. ಇಂದು ಮೈದಾನದ ಒಂದು ಸ್ಟ್ಯಾಂಡ್ ಈ ಮೂವರ ಹೆಸರಿನಲ್ಲಿದೆ. ಹೊರಗೆ ಗ್ಯಾರಿ ಸೋಬರ್ಸ್ ಪ್ರತಿಮೆ, ಬ್ಯಾಟು ಬೀಸಿದ ಭಂಗಿಯಲ್ಲಿ.

ನಮ್ಮವರ ಕಥೆಯೂ ಈ ಗೇಟಿನೊಳಗಿದೆ. 1997ರ ಟೆಸ್ಟ್‌ನಲ್ಲಿ ರಾಹುಲ್ ದ್ರಾವಿಡ್ ಇಲ್ಲಿ 78 ಹೊಡೆದಿದ್ದರು. ಗೆಲ್ಲಲು 120 ಬೇಕಿದ್ದ ತಂಡ 81ಕ್ಕೆ ಮುಗಿಯಿತು. ಇಪ್ಪತ್ತೇಳು ವರ್ಷದ ಮೇಲೆ ಅದೇ ನೆಲದಲ್ಲಿ ಭಾರತ ದಕ್ಷಿಣ ಆಫ್ರಿಕಾವನ್ನು ಏಳು ರನ್‌ಗಳಿಂದ ಸೋಲಿಸಿ ವಿಶ್ವಕಪ್ ಎತ್ತಿದಾಗ ತರಬೇತುದಾರ ದ್ರಾವಿಡ್. ಎಂದೂ ಕೂಗಾಡದ ಮನುಷ್ಯ ಅಂದು ಕಪ್ ಹಿಡಿದು ಕೂಗಿದ್ದನ್ನು ಬೆಂಗಳೂರಿನವರು ಮರೆತಿರಲಾರರು.

ಇಲ್ಲಿಂದ ಬಂದರು ಹತ್ತಿರ. ಪಾಸ್‌ಪೋರ್ಟಿನ ಒಂದು ಪ್ರತಿ, ಹಡಗಿನ ಕಾರ್ಡು ಜೇಬಿನಲ್ಲಿರಲಿ; ಹೊರಡುವ ವೇಳೆಗೆ ಫೋನನ್ನಲ್ಲ, ಹಡಗಿನ ಗಡಿಯಾರವನ್ನೇ ನೋಡಿ. ಕ್ರೂಸ್ ಪ್ಯಾಕೇಜ್ ಮಾರುವ ನಮ್ಮ ಬೆಂಗಳೂರಿನ ಏಜೆಂಟರಿಗೂ ಒಂದು ಮನವಿ: ಬಾರ್ಬಡೋಸ್ ದಿನದ ಕಾಲಂನಲ್ಲಿ ‘ಬೀಚ್’ ಎಂದಷ್ಟೇ ಬರೆಯುವ ಬದಲು ಈ ನಡಿಗೆಯ ನಕ್ಷೆಯೊಂದನ್ನು ಅಚ್ಚು ಹಾಕಿಸಿ ಕೊಡಿ, ಆ ಊರಿನವರೇ ಆದ ಒಬ್ಬ ಗೈಡ್ ಗೊತ್ತು ಮಾಡಿ, ಹಣ ಅವರ ಕೈಗೇ ಕೊಡಿಸಿ.