ಹೊಳಪು ಬ್ಯಾರೆ, ಸ್ವಚ್ಛ ಬ್ಯಾರೆ

ಹೋದ ವಾರ ನಮ್ಮ ನಾದಿನಿ ಫೋನ್ ಮಾಡಿದ್ಲು. "ವೈನಿ, ನಾವೂ ಕಾರು ತಗೊಂಡ್ವಿ. ಮನ್ಯಾಗ ತೊಳೀಲಿಕ್ಕೆ ಏನೇನು ತರಬೇಕು ಹೇಳ್ರಿ. ಅಂಗಡಿಯವ ಹದಿನಾಲ್ಕು ಸಾಮಾನಿನ ಯಾದಿ ಕೊಟ್ಟಾನ" ಅಂದ್ಲು. ಕಾರಿನ ವಿಷಯ ನನ್ನ ಕೇಳಿದ್ದಕ್ಕ ನಮ್ಮನಿಯವರು ಪೇಪರ್ ಕೆಳಗಿಟ್ಟು ನಕ್ರು. ನಗಲಿ. ಐದು ವರ್ಷದಿಂದ ನಮ್ಮನಿ ಕಾರು ತೊಳಿಯೋಕಿ ನಾನ. ಅವರಿಗೆ ಶಾಂಪೂ ಬಾಟ್ಲಿ ಎಲ್ಲಿ ಇಡ್ತೇನಿ ಅನ್ನೋದೂ ಗೊತ್ತಿಲ್ಲ.

ಆಕಿಗೆ ಹೇಳಿದ್ದನ್ನ ನಿಮಗೂ ಬರೀಲಿಕತ್ತೇನಿ. ನನ್ನ ಮಾತು ಇಷ್ಟ: ಸ್ವಚ್ಛ ಮಾಡೋ ಸಾಮಾನು ಛಲೋದು ತಗೋರಿ, ಹೊಳಪು ಕೊಡೋ ಸಾಮಾನಿಗೆ ಲಗೂನ ಕೈ ಚಾಚಬ್ಯಾಡ್ರಿ. ಹೊಳಪು ಬ್ಯಾರೆ, ಸ್ವಚ್ಛ ಬ್ಯಾರೆ. ಇದನ್ನ ನಾನು ಒಂದು ತಪ್ಪು ಮಾಡಿ ಕಲತೇನಿ. ಅದನ್ನ ಕಡೀಕ ಹೇಳ್ತೇನಿ, ಅಲ್ಲೀತನಕ ಓದ್ರಿ.

ಮೊದಲ ಅರಬಿ ವಿಷಯ. ನಮ್ಮ ಕಾರು ಕಡು ನೀಲಿ ಬಣ್ಣದ್ದು. ತಂದ ಹೊಸದಾಗಿ ಓಣ್ಯಾಗ ಬರೋ ಒಬ್ಬ ಹುಡುಗ ತಿಂಗಳಿಗೆ ಇಷ್ಟು ಅಂತ ತಗೊಂಡು ದಿನಾ ಒರಸ್ತಿದ್ದ. ಆರು ತಿಂಗಳಾದ ಮ್ಯಾಲೆ ಬಿಸಲಾಗ ನಿಂತು ನೋಡಿದ್ರ ಬಾನೆಟ್ ತುಂಬ ಜೇಡರ ಬಲಿ ನೇಯ್ದಂಗ ಸಣ್ಣ ಸಣ್ಣ ಗೆರಿ. ಹುಡುಗನ ತಪ್ಪು ಅಂತ ನಾ ಅನ್ನೂದಿಲ್ಲ. ಮುಂಜಾನೆ ಎಂಟರೊಳಗ ಹತ್ತು ಗಾಡಿ ಮುಗಸಬೇಕು, ಇರೋದು ಒಂದ ಬಕೆಟ್ಟು, ಒಂದ ಹಳೇ ಬನಿಯನ್ನು. ಮೊದಲನೇ ಗಾಡಿ ಉಸುಕು ಹತ್ತನೇ ಗಾಡಿಗೆ ತಿಕ್ಕತದ. ನಮ್ಮ ಧಾರವಾಡದ ಕೆಂಪು ಧೂಳಂದ್ರ ಹಿಟ್ಟಿನಂಥಾ ಉಸುಕು. ಅದರ ಮ್ಯಾಲೆ ಒಣಾ ಅರಬಿ ಎಳದ್ರ, ಹೊಸಾ ಸ್ಟೀಲ್ ಡಬ್ಬಿಗೆ ಉಸುಕು ಹಾಕಿ ತಿಕ್ಕಿದಂಗ.

ಕಾರಿನ ಬಣ್ಣದ ಮ್ಯಾಲೆ ಗಾಜಿನಂಥಾ ಒಂದು ಥರ ಇರ್ತದ, ಕ್ಲಿಯರ್ ಕೋಟ್ ಅಂತಾರ. ಕಾರು ಹೊಳಿಯೋದು ಅದರಿಂದನ. ಕೆಳಗಿನ ಪ್ರೈಮರ್, ನಡುವಿನ ಬಣ್ಣ, ಈ ಮ್ಯಾಲಿನ ಥರ ಎಲ್ಲಾ ಕೂಡಿದ್ರೂ ಸಾಮಾನ್ಯ 100ರಿಂದ 150 ಮೈಕ್ರಾನ್ ದಪ್ಪ ಇರ್ತದ. 1000 ಮೈಕ್ರಾನ್ ಕೂಡಿದ್ರ ಒಂದು ಮಿಲಿಮೀಟರ್. ಅಂದ್ರ ನಮ್ಮ ತಲಿ ಕೂದಲಾ ಎರಡು ಎಳಿ ಒಂದರ ಮ್ಯಾಲೊಂದು ಇಟ್ಟಷ್ಟು, ಅಷ್ಟ. ಪಾಲಿಶ್ ಮಾಡಿಸಿ ಗೆರಿ ತಗಸೋದಂದ್ರ ಈ ಥರಾನ ಹೆರದು ತೆಳ್ಳಗ ಮಾಡೋದು. ಇದ್ದದ್ದ ಇಷ್ಟು, ಎಷ್ಟು ಸಲ ಹೆರಸ್ತೀರಿ?

ಅದಕ್ಕ ಮೈಕ್ರೋಫೈಬರ್ ಅರಬಿ ತಗೋರಿ. ಇದು ಪಾಲಿಸ್ಟರ್ ಮತ್ತ ಪಾಲಿಅಮೈಡ್ ಅನ್ನೋ ನೈಲಾನ್ ಜಾತಿ ಎಳಿ ಕೂಡಿಸಿ ಮಾಡಿದ್ದು. ಎಳಿ ಭಾಳ ಸಣ್ಣಾಗಿ ಸೀಳಿರ್ತಾವ, ಹಿಂಗಾಗಿ ಧೂಳನ್ನ ಒಳಗ ಎಳಕೋತದ. ಪಾಕೀಟಿನ ಮ್ಯಾಲೆ 80/20 ಇಲ್ಲಾ 70/30 ಅಂತ ಇರ್ತದ. ಎರಡನೇ ಅಂಕಿ ಪಾಲಿಅಮೈಡಿಂದು, ಅದು ಹೆಚ್ಚಿದ್ರ ನೀರು ಛಲೋ ಹೀರತದ. ಜಿಎಸ್‌ಎಂ ಅಂತ ಬರದಿರೋದು ಒಂದು ಚದರ ಮೀಟರ್ ಅರಬಿ ಎಷ್ಟು ಗ್ರಾಂ ತೂಗತದ ಅಂತ. ಒಳಗಿನ ಕೆಲಸಕ್ಕ 300ರ ಆಜೂಬಾಜು ಸಾಕು, ತೊಳದ ಮ್ಯಾಲೆ ನೀರು ಒರಸಲಿಕ್ಕೆ ಅದಕ್ಕಿಂತ ದಪ್ಪಂದು ಬೇಕು. ಚಾದರ ತಗೊಳ್ಳೋ ಮುಂದ ಅಂಚು ಮುಟ್ಟಿ ನೋಡ್ತೀವಲ್ಲ, ಹಂಗ ಇದರದೂ ಅಂಚು ಮುಟ್ಟಿ ನೋಡ್ರಿ. ಬಿರುಸು ಹೊಲಿಗಿ ಇದ್ದದ್ದು ಬ್ಯಾಡ. ಮೂಲ್ಯಾಗ ಹೊಲದ ಲೇಬಲ್ ಮನಿಗೆ ಬಂದ ಕೂಡಲೆ ಕತ್ತರಿಸಿ ಒಗೀರಿ.

ಈ ಅರಬಿ ಒಗಿಯೋ ಮುಂದ ವಾಸನಿ ಬರೋ ಸಾಫ್ಟ್‌ನರ್ ಹಾಕಬ್ಯಾಡ್ರಿ, ಎಳಿಗೆ ಮೆತ್ತಿಕೊಂಡು ನೀರು ಹೀರೋದ ಬಿಡ್ತದ. ಹತ್ತಿ ಟಾವೆಲ್ ಜೋಡಿ ಒಗದ್ರ ಅದರ ಜುಂಗೆಲ್ಲಾ ಇದಕ್ಕ ಹತ್ಕೋತದ. ಕಡಕ್ ಬಿಸಿ ನೀರು, ಇಸ್ತ್ರಿ ಎರಡೂ ಬ್ಯಾಡ. ಮತ್ತ ಕೈ ಜಾರಿ ನೆಲಕ್ಕ ಬಿದ್ದ ಅರಬಿ ಆವತ್ತಿಗೆ ಮುಗೀತು, ಒಗದ ಮ್ಯಾಲೇನ ಕಾರಿಗೆ ಹಚ್ಚೋದು. ಮಡೀಲೆ ಅಡಿಗಿ ಮಾಡೋರಿಗೆ ಇದನ್ನ ಬಿಡಿಸಿ ಹೇಳೋದು ಬ್ಯಾಡ.

ಎರಡನೇದ್ದು ಸಬಕಾರ. ಭಾಂಡೆ ತಿಕ್ಕೋ ಲಿಕ್ವಿಡ್ ಮನ್ಯಾಗ ಅದ, ಅದನ್ನ ಹಾಕಿ ತೊಳದ್ರಾತು ಅಂತ ನನಗೂ ಅನಿಸಿತ್ತು. ಅದು ಒಗ್ಗರಣಿ ಜಿಡ್ಡು ಬಿಡಸಲಿಕ್ಕೆ ಮಾಡಿದ್ದು. ಕಾರಿಗೆ ಹಚ್ಚಿದ ಮೇಣಾನೂ ಜಿಡ್ಡಿನ ಜಾತಿದ, ಅದನ್ನೂ ಬಿಡಸ್ತದ. ಅರಬಿ ಒಗಿಯೋ ಪುಡಿಯಂತೂ ಕ್ಷಾರ, ಬ್ಯಾಡನ ಬ್ಯಾಡ. ಕಾರ್ ಶಾಂಪೂ ತಗೋರಿ, ಪಿಎಚ್ ನ್ಯೂಟ್ರಲ್ ಅಂತ ಬರದದ್ದು. ಹುಳಿನೂ ಅಲ್ಲ, ಕ್ಷಾರನೂ ಅಲ್ಲ, 7ರ ಹತ್ತಿರ ಇದ್ದದ್ದು. ಒಂದು ಬಕೆಟ್ ನೀರಿಗೆ ಒಂದೋ ಎರಡೋ ಮುಚ್ಚಳ. ಒಂದು ಬಾಟ್ಲಿ ತಂದ್ರ ನನಗ ವರ್ಷ ಬರ್ತದ.

ಮೂರನೇದ್ದು ನೀರು. ನಮ್ಮಲ್ಲಿ ನಳದ ಬೆಲಿ ಎಲ್ಲಾರಿಗೂ ಗೊತ್ತದ. ಮಲಪ್ರಭಾ ನೀರು ಸವದತ್ತಿ ಕಡೆಯಿಂದ ನಮ್ಮನಿ ಟಾಕಿಗೆ ಬರೂದ್ರಾಗ ದಾರಿ ನೋಡಿ ನೋಡಿ ಸಾಕಾಗ್ತದ. ಒಂದಿನ ನಾನು ಲೆಕ್ಕಾ ಹಾಕಿದೆ. ನಮ್ಮ ಪೈಪಿನ್ಯಾಗ 20 ಲೀಟರಿನ ಬಕೆಟ್ ತುಂಬಲಿಕ್ಕೆ ಒಂದೂವರಿ ನಿಮಿಷ. ಹದಿನೈದು ನಿಮಿಷ ಪೈಪ್ ಬಿಟ್ಟು ತೊಳದ್ರ 200 ಲೀಟರ್ ಗಟಾರಕ್ಕ ಹೋತು! ಅದಕ್ಕ ಎರಡು ಬಕೆಟ್ ಇಟ್ಕೋರಿ. ಒಂದ್ರಾಗ ಶಾಂಪೂ ನೀರು, ಒಂದ್ರಾಗ ಬರೇ ನೀರು. ಮೊದಲ ಒಂದೆರಡು ತಂಬಿಗಿ ಸುರುವಿ ಮ್ಯಾಲಿನ ಉಸುಕು ಇಳಸ್ರಿ. ಆಮ್ಯಾಲೆ ಮೈಕ್ರೋಫೈಬರ್ ಕೈಚೀಲ ಶಾಂಪೂನ್ಯಾಗ ಅದ್ದಿ ಒಂದು ಬಾಗಲಾ ಒರಸೋದು, ಬರೇ ನೀರಾಗ ಜಾಲಿಸೋದು, ಹಿಂಡೋದು, ಮತ್ತ ಶಾಂಪೂನ್ಯಾಗ ಅದ್ದೋದು. ಮ್ಯಾಲಿಂದ ಕೆಳಗ ಬರ್ರಿ, ಯಾಕಂದ್ರ ಹೆಚ್ಚಿನ ಹೊಲಸು ಕೆಳಗ ಇರ್ತದ. ಬಿಸಲಾಗ ತೊಳೀಬ್ಯಾಡ್ರಿ. ಬೋರಿನ ನೀರಾಗಿದ್ರಂತೂ ಒಣಗೂದ್ರಾಗ ಬಿಳೀ ಕಲಿ ನಿಲ್ತಾವ, ನಮ್ಮ ಬಚ್ಚಲ ನಳಕ್ಕ ಆಗ್ತಾವಲ್ಲ, ಅದ ಸುಣ್ಣ. ತೊಳದ ಕೂಡಲೆ ಒರಿಸಿಬಿಡಬೇಕು.

ಗಾಲಿಗೆ ಬ್ಯಾರೆ ಅರಬಿ, ಬ್ಯಾರೆ ಬ್ರಶ್ಶು. ಗಾಲಿ ಮ್ಯಾಲಿನ ಕರೀ ಪುಡಿ ಬರೇ ಧೂಳಲ್ಲ, ಬ್ರೇಕ್ ತಿಕ್ಕಿ ಬಿದ್ದ ಕಬ್ಬಿಣದ ಪುಡೀನೂ ಅದರಾಗ ಇರ್ತದ. ಬಚ್ಚಲಕ್ಕ ಹಾಕೋ ಆಸಿಡ್ ಗಾಲಿಗೆ ಹಾಕಬ್ಯಾಡ್ರಿ, ಅಲಾಯ್ ತಿಂದು ಬಿಡ್ತದ. ಟೈರಿಗೆ ಡೀಸೆಲ್ ಒರಿಸಿ ಕರ್ರಗ ಮಾಡ್ತಾರ, ಅದು ರಬ್ಬರಿಗೆ ವಿಷ. ಹಕ್ಕಿ ಹೇತದ್ದು ಕಂಡ್ರ ಉಗರಿಲೆ ಕೆರೀಬ್ಯಾಡ್ರಿ, ನಾಳಿಗೂ ಬಿಡಬ್ಯಾಡ್ರಿ, ಬಿಸಲಿಗೆ ಬಣ್ಣಾ ಸುಡ್ತದ. ಒದ್ದಿ ಅರಬಿ ಐದು ನಿಮಿಷ ಅದರ ಮ್ಯಾಲೆ ಇಟ್ರ ಮೆತ್ತಗಾಗಿ ತಾನ ಏಳ್ತದ.

ಒಳಗಿನ ಕೆಲಸಕ್ಕ ಹೊಸದೇನೂ ಬ್ಯಾಡ. ಮನಿ ವ್ಯಾಕ್ಯೂಮಿನ ಸಣ್ಣ ಮೂತಿ, ಎಸಿ ಜಾಳಿಗಿಗೆ ಒಂದು ಮೆತ್ತನ್ನ ಪೇಂಟ್ ಬ್ರಶ್ಶು, ಡ್ಯಾಶ್‌ಬೋರ್ಡಿಗೆ ಹಿಂಡಿದ ಒದ್ದಿ ಅರಬಿ. ಸೀಟ್ ಬೆಲ್ಟ್ ಹೊಲಸಾಗಿದ್ರ ಸಪ್ಪನ್ನ ಸಬಕಾರದ ನೀರು ಸಾಕು. ಬ್ಲೀಚ್ ತೋರಿಸಿದ್ರ ಅದರ ಎಳಿ ಶಕ್ತಿ ಹೋಗ್ತದ, ಅದು ಜೀವಾ ಹಿಡಿಯೋ ಪಟ್ಟಿ.

ಇನ್ನ ಹೊಳಪಿನ ಸಾಮಾನು. ಅಂಗಡಿಯವನ ಹದಿನಾಲ್ಕರಾಗ ಎಂಟು ಇವ ಇದ್ವು. ಮೇಣ ಒಂದು ಇರ್ಲಿ. ಕಾರ್ನೂಬಾ ಅಂತಾರಲ್ಲ, ಬ್ರೆಜಿಲ್ ದೇಶದ ಒಂದು ತಾಳಿ ಜಾತಿ ಗಿಡದ ಎಲಿ ಮ್ಯಾಲೆ ಬರೋ ಮೇಣ ಅದು. ಮಳಿಗಾಲಕ್ಕ ಮೊದಲ ಒಂದ್ಸಲ, ಮುಗದ ಮ್ಯಾಲೆ ಒಂದ್ಸಲ ಹಚ್ಚಿದ್ರ ನೀರು ಕೆಸವಿನ ಎಲಿ ಮ್ಯಾಲೆ ಜಾರಿದಂಗ ಜಾರ್ತದ. ಉಳಿದದ್ದರ ಬಗ್ಗೆ ನನ್ನ ಕಥಿ ಕೇಳ್ರಿ.

ನಾಕು ವರ್ಷದ ಹಿಂದ ಖಂಡೇನವಮಿ ದಿನಾ ಕಾರು ತೊಳದು, ಡ್ಯಾಶ್‌ಬೋರ್ಡಿಗೆ ಹೊಳಪು ಬರೋ ಸ್ಪ್ರೇ ಹೊಡದೆ. ಥಳ ಥಳ ಅಂತು. ಡಬ್ಬ್ಯಾಗ ಇನ್ನೂ ಉಳದಿತ್ತು. ಪೂಜಿಗೆ ಎಲ್ಲಾ ಹೊಳೀಲಿ ಅಂತ ಸ್ಟೇರಿಂಗಿಗೆ ಹೊಡದೆ, ಕೆಳಗ ಬಗ್ಗಿ ಮೂರೂ ಪೆಡಲಿನ ರಬ್ಬರಿಗೂ ಹೊಡದು ಒರಸಿದೆ. ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲಿ ಹಾಕಿ, ಗಾಲಿಗೆ ನಿಂಬಿಹಣ್ಣು ಇಟ್ಟು ಆರತಿ ಮಾಡಿದ್ವಿ.

ಮರುದಿನ ಸಂಜೀಕ ಬನ್ನಿ ಕೊಡಲಿಕ್ಕೆ ಹೋಗೋರು. ಮಗಳು ಲೈಸನ್ಸ್ ತಗೊಂಡು ಎರಡು ತಿಂಗಳಾಗಿತ್ತು, "ಅವ್ವಾ, ಇವತ್ತ ನಾ ಹೊಡೀತೇನಿ" ಅಂದ್ಲು. ಅಂಗಳದಾಗಿಂದ ತಿರಗಸೋ ಮುಂದ ಬ್ರೇಕಿನ ಮ್ಯಾಲಿನ ಕಾಲು ಜಾರಿ ಎಕ್ಸಿಲೇಟರ್ ಮ್ಯಾಲೆ ಬಿತ್ತು. ಕಾರು ಧಡ್ ಅಂತ ಹೋಗಿ ತುಳಸಿ ಕಟ್ಟಿಗೆ ಬಡೀತು. ಕಟ್ಟಿ ಸೀಳ್ತು, ಬಂಪರ್ ಒಡೀತು. ಬಾಜೂ ಮನಿ ಸಣ್ಣ ಹುಡುಗ ಅದ ಕಟ್ಟಿ ಮ್ಯಾಲೆ ಕೂತು ಬನ್ನಿ ಎಣಸಲಿಕತ್ತಿದ್ದ. ಅವರವ್ವ ಕರದ್ಲಂತ ಎದ್ದು ಹೋಗಿ ಎರಡು ನಿಮಿಷ ಆಗಿತ್ತು. ಇದನ್ನ ಬರಿಯೋ ಮುಂದೂ ನನ್ನ ಕೈ ತಣ್ಣಗಾಗ್ತದ.

ಆವತ್ತ ಎಲ್ಲಾರೂ ಮಗಳಿಗೆ ಅಂದ್ರು. ಹೆಣ್ಣುಹುಡುಗ್ಯಾರ ಕೈಯಾಗ ಗಾಡಿ ಕೊಟ್ರ ಹಿಂಗ ಆಗೋದು ಅಂದ್ರು. ಹಬ್ಬದ ದಿನಾ ತುಳಸಿ ಕಟ್ಟಿ ಒಡದ್ಲು ಅಂದ್ರು. ನಾನೂ ಅಂದೆ. "ನಾ ಬ್ರೇಕ್ ಮ್ಯಾಲೇನ ಕಾಲಿಟ್ಟಿದ್ದೆ" ಅಂತ ಆಕಿ ಹೇಳಿದ್ದನ್ನ ಯಾರೂ ಕಿವ್ಯಾಗ ಹಾಕ್ಕೊಳ್ಳಲಿಲ್ಲ. ಆಕಿ ಕೀಲಿ ಗೂಟಕ್ಕ ತೂಗಹಾಕಿ ಮತ್ತ ಮುಟ್ಟಲಿಲ್ಲ.

ಎರಡು ವಾರದ ಮ್ಯಾಲೆ ಗ್ಯಾರೇಜಿಂದ ಬಂದ ಕಾರು ಒರಸೋ ಮುಂದ ನಾನು ಡ್ರೈವರ್ ಸೀಟಿನ್ಯಾಗ ಕೂತೆ. ಸುಮ್ನ ಪೆಡಲ್ ಮ್ಯಾಲೆ ಕಾಲಿಟ್ರ ನನ್ನ ಬರಿಗಾಲೂ ಜಾರ್ತು. ಬೆಣ್ಣಿ ಸವರಿದಂಗ ಇತ್ತು. ಒಳಗ ಹೋಗಿ ಆ ಡಬ್ಬಿ ತಂದು, ಚಸ್ಮಾ ಹಾಕ್ಕೊಂಡು ಹಿಂದಿನ ಸಣ್ಣ ಅಕ್ಷರ ಓದಿದೆ. ಸ್ಟೇರಿಂಗ್, ಪೆಡಲ್, ನೆಲಕ್ಕ ಹಚ್ಚಬಾರದು ಅಂತ ಬರದಿತ್ತು. ರವಾ ಪಾಕೀಟಿನ ತಾರೀಖು ಓದದ ಬುಟ್ಟ್ಯಾಗ ಹಾಕದಾಕಿ ನಾನು, ಇದನ್ನ ಓದಿದ್ದಿಲ್ಲ.

ಮನ್ಯಾಗ ಹೇಳಲಿಕ್ಕೆ ನನಗ ನಾಕು ದಿನಾ ಬೇಕಾತು. ಮಗಳು ಕೇಳಿ ಸುಮ್ನ ಕೂತ್ಲು. ಆಮ್ಯಾಲೆ, "ಆವತ್ತ ಹೇಳಿದ್ದೆ ಅವ್ವಾ" ಅಂದ್ಲು, ಅಷ್ಟ. ಭಾಂಡೆ ತಿಕ್ಕೋ ಲಿಕ್ವಿಡ್ ಹಾಕಿ ಮೂರು ಸಲ ಬ್ರಶ್ಶಿಲೆ ತಿಕ್ಕಿ ಆ ಜಿಡ್ಡು ತಗದ್ವಿ. ಆ ಲಿಕ್ವಿಡ್ಡಿಗೂ ಕಾರಿನ್ಯಾಗ ಒಂದು ಜಾಗಾ ಸಿಕ್ತು.

ಇವತ್ತಿಗೂ ಲಗ್ನ ಮುಂಜಿವಿಗೆ ಹೋದ್ರ ನಿಮ್ಮೊಳಗ ಯಾರರೆ ಒಬ್ರು "ತುಳಸಿ ಕಟ್ಟಿ ಒಡದಾಕಿ ಬಂದ್ಲು" ಅಂತ ಆಕಿಗೆ ನಗ್ತೀರಿ. ಆಕಿನೂ ನಗ್ತಾಳ. ಆದ್ರ ಅದು ಆಕಿ ತಪ್ಪಲ್ಲ, ನಂದು. ಇನ್ನ ಮ್ಯಾಲೆ ನಗೋದಿದ್ರ ನನಗ ನಗ್ರಿ.

ಹಿಂಗಾಗಿ ನಾದಿನಿಗೆ ಹೇಳಿದ ಯಾದಿ ಇಷ್ಟ: ಮೈಕ್ರೋಫೈಬರ್ ಅರಬಿ ಆರು, ಕೈಚೀಲ ಒಂದು, ಎರಡು ಬಕೆಟ್, ಶಾಂಪೂ ಒಂದು ಬಾಟ್ಲಿ, ಗಾಲಿಗೆ ಒಂದು ಬ್ರಶ್ಶು, ಮೇಣ ಒಂದು ಡಬ್ಬಿ. ಕೈ ಹಿಡಿಯೋ ಜಾಗಾ, ಕಾಲು ಊರೋ ಜಾಗಾ ಯಾವಾಗ್ಲೂ ಒಣಾ ಇರಬೇಕು. ಡ್ಯಾಶ್‌ಬೋರ್ಡ್ ಸೈತ ಭಾಳ ಹೊಳೀಬಾರದು, ಬಿಸಲಿನ್ಯಾಗ ಅದರ ನೆರಳು ಮುಂದಿನ ಗಾಜಿನ್ಯಾಗ ಬಿದ್ದು ರಸ್ತೆ ಕಾಣೂದಿಲ್ಲ. ಏನ ತಂದ್ರೂ ಹಿಂದಿನ ಸಣ್ಣ ಅಕ್ಷರ ಮೊದಲ ಓದ್ರಿ. ಇಂಗ್ಲಿಷ್ ಬರೂದಿಲ್ಲಂದ್ರ ಮಕ್ಕಳ ಕಡೆ ಓದಸ್ರಿ, ಅದರಾಗ ನಾಚಿಕಿ ಏನದ?

ಕಟ್ಟಿ ಸೀಳಿದ್ದನ್ನ ಸಿಮೆಂಟ್ ಹಚ್ಚಿ ಮೆತ್ತಿಸೇವಿ. ಗೆರಿ ಇನ್ನೂ ಕಾಣ್ತದ, ಬಣ್ಣಾ ಹಚ್ಚಸೋದು ಬ್ಯಾಡ ಅಂತ ನಾನ ಹೇಳೇನಿ. ಈ ದಸರಾಕ್ಕ ಬನ್ನಿ ಕೊಡಲಿಕ್ಕೆ ನಿಮ್ಮನಿಗೆ ಬರೋ ಮುಂದ ಕಾರು ಮಗಳ ಹೊಡೀತಾಳ. ಬಾಗಲಾ ತಗದು ಇಟ್ಟಿರ್ರಿ.