ಎರಡು ಗಂಟೆಯ ಆಟಕ್ಕೆ ಎರಡು ಮಾತು

ದೀಪಾವಳಿ ರಜೆಗೆ ಬೆಂಗಳೂರಿನಿಂದ ರಾಂಪುರಕ್ಕೆ ಬಂದ ದೊಡ್ಡಪ್ಪನ ಮಗ ಬ್ಯಾಗಿನಲ್ಲಿ ಒಂದು ವಿಆರ್ ಹೆಡ್‌ಸೆಟ್ ತಂದಿದ್ದ. ಅಣ್ಣ ಅಲ್ಲಿ ಗೇಮ್ ತಯಾರಿಸುವ ಒಂದು ಚಿಕ್ಕ ಕಂಪನಿಯಲ್ಲಿ ಟೆಸ್ಟರ್. ಪಡಸಾಲೆಯ ಕುರ್ಚಿ, ಶೇಂಗಾ ಚೀಲ ಎಲ್ಲವನ್ನೂ ಗೋಡೆಗೆ ಸರಿಸಿ, ಅದನ್ನು ನನ್ನ ತಲೆಗೆ ಕಟ್ಟಿ, ‘ಸೂಪರ್‌ಹಾಟ್ ವಿಆರ್’ ಎಂಬ ಶೂಟಿಂಗ್ ಆಟ ಹಾಕಿಕೊಟ್ಟ. ನಾನು ಬಗ್ಗುವುದು, ಏಳುವುದು, ಬರಿಗಾಳಿಗೆ ಕೈ ಬೀಸುವುದು ನೋಡಿ ಅಜ್ಜಿ, ‘ಇವನಿಗೇನು ಗಾಳಿ ಸೋಕಿತೇನೋ’ ಎಂದಳಂತೆ. ನನಗೆ ಅದ್ಯಾವುದೂ ಕೇಳಿಸಲಿಲ್ಲ.

ಆ ಆಟದ ಸೂತ್ರ ಸರಳ. ನಾವು ಅಲುಗಾಡಿದರೆ ಮಾತ್ರ ಅಲ್ಲಿ ಕಾಲ ಸರಿಯುತ್ತದೆ. ನಾವು ನಿಂತರೆ ಎದುರಿನಿಂದ ಬರುವ ಗುಂಡೂ ಗಾಳಿಯಲ್ಲೇ ನಿಧಾನವಾಗುತ್ತದೆ. ಮೊದಲ ಐದು ನಿಮಿಷ ನಾನು ಉಸಿರು ಬಿಟ್ಟೆನೋ ಇಲ್ಲವೋ ನೆನಪಿಲ್ಲ. ಆದರೆ ಎರಡು ಗಂಟೆ ಕಳೆಯುವಷ್ಟರಲ್ಲಿ ಕಥೆ ಮುಗಿದೇ ಹೋಯಿತು.

‘ಅಷ್ಟೇನಾ ಅಣ್ಣ?’ ಎಂದೆ. ‘ಅಷ್ಟೇ’ ಎಂದ. ‘ದುಡ್ಡು ದಂಡ ಅಂತ ರಿವ್ಯೂ ಬರೀತೀನಿ’ ಎಂದೆ. ಅವನು ಸಿಟ್ಟಾಗಲಿಲ್ಲ. ‘ಬರಿಯಪ್ಪಾ. ಆದ್ರೆ ಯಾಕೆ ದಂಡ ಅಂತಾನೂ ಬರಿ. ಬರೀ ಹೆಬ್ಬೆಟ್ಟು ಕೆಳಗೆ ಮಾಡಿದ್ರೆ ಆಟ ಮಾಡಿದೋರಿಗೆ ಏನೂ ತಿಳಿಯಲ್ಲ’ ಎಂದ. ಅವರ ಕಂಪನಿಯ ಆಟಕ್ಕೂ ಮಿಶ್ರ ಪ್ರತಿಕ್ರಿಯೆಯೇ ಬಂದಿತ್ತು. ಅವನು ಒಂದೊಂದೇ ರಿವ್ಯೂ ಓದಿ, ನೋಟ್‌ಬುಕ್ಕಿನಲ್ಲಿ ದೂರುಗಳನ್ನು ಬೇರೆ ಬೇರೆ ಮಾಡಿ ಬರೆದುಕೊಂಡಿದ್ದ. ಆ ಪುಟಗಳನ್ನು ನೋಡಿದ ಮೇಲೆ ‘ಮಿಶ್ರ’ ಎಂಬ ಪದದ ಬಗ್ಗೆ ನನ್ನ ಅಭಿಪ್ರಾಯ ಬದಲಾಯಿತು.

ಕಂಪ್ಯೂಟರ್ ಗೇಮ್‌ಗಳ ದೊಡ್ಡ ಮಾರುಕಟ್ಟೆಯಾದ ‘ಸ್ಟೀಮ್’ನಲ್ಲಿ ಆಡಿದವರು ಹೆಬ್ಬೆಟ್ಟು ಮೇಲೆ ಅಥವಾ ಕೆಳಗೆ ಮಾಡುತ್ತಾರೆ. 100 ಜನರಲ್ಲಿ 40ರಿಂದ 69 ಮಂದಿ ಮೆಚ್ಚಿದರೆ ಆ ಆಟದ ಹಣೆಗೆ ‘ಮಿಶ್ರ’ ಎಂಬ ಪಟ್ಟಿ ಬೀಳುತ್ತದೆ. ಇದನ್ನು ನಾವು ‘ಸುಮಾರಾಗಿದೆ’ ಎಂದು ಓದುತ್ತೇವೆ. ಅದು ತಪ್ಪು. 55 ಮಂದಿ ಮನಸಾರೆ ಮೆಚ್ಚಿ, 45 ಮಂದಿಗೆ ತಲೆ ಸುತ್ತು ಬಂದಿದ್ದರೂ ಮಿಶ್ರವೇ. ಎಲ್ಲರಿಗೂ ಅರೆಮನಸ್ಸಾಗಿದ್ದರೂ ಮಿಶ್ರವೇ. ಮೊದಲನೆಯದು ಕೆಲವರಿಗೆ ಒಗ್ಗದ ಒಳ್ಳೆಯ ಆಟ. ಎರಡನೆಯದು ಯಾರಿಗೂ ಬೇಡದ ಆಟ. ಪಟ್ಟಿ ಮಾತ್ರ ಒಂದೇ.

ವಿಆರ್ ಶೂಟಿಂಗ್ ಆಟಗಳ ಮೇಲೆ ಬರುವ ದೊಡ್ಡ ದೂರು ಒಂದೇ: ಬೇಗ ಮುಗಿಯುತ್ತದೆ. ಇದಕ್ಕೆ ಕಾರಣ ಸೋಮಾರಿತನವಲ್ಲ. ಹೆಡ್‌ಸೆಟ್ ಸುಮಾರು ಅರ್ಧ ಕೆಜಿ ತೂಗುತ್ತದೆ. ಅದನ್ನು ಮುಖಕ್ಕೆ ಕಟ್ಟಿಕೊಂಡು ನಿಂತೇ ಆಡಬೇಕು. ಕಣ್ಣು ‘ನಡೆಯುತ್ತಿದ್ದೇನೆ’ ಎನ್ನುವಾಗ ಒಳಗಿವಿ ‘ನಿಂತಿದ್ದೇನೆ’ ಎಂದರೆ, ಘಾಟಿ ರಸ್ತೆಯ ಬಸ್ಸಿನಲ್ಲಿ ಆಗುವಂತೆ ಹೊಟ್ಟೆ ತೊಳೆಸುತ್ತದೆ. ಹಾಗಾಗಿ ಹಲವು ಆಟಗಳು ಆಟಗಾರನನ್ನು ಒಂದೇ ಜಾಗದಲ್ಲಿ ನಿಲ್ಲಿಸಿ, ಚಿಕ್ಕ ಚಿಕ್ಕ ಸನ್ನಿವೇಶಗಳನ್ನು ಕೊಡುತ್ತವೆ. ಗುರಿ ಇಡಲು ನಡೆಯಬೇಕಿಲ್ಲ, ಕೈ ಎತ್ತಿದರೆ ಸಾಕು. ವಿಆರ್‌ನಲ್ಲಿ ಶೂಟಿಂಗ್ ಆಟಗಳೇ ಹೆಚ್ಚು ಕಾಣುವುದಕ್ಕೆ ಇದೂ ಒಂದು ಕಾರಣ. ಹೆಡ್‌ಸೆಟ್ ಕೊಂಡವರು ಕಡಿಮೆ ಇರುವುದರಿಂದ ದೊಡ್ಡ ಆಟಕ್ಕೆ ಬಂಡವಾಳ ಹಾಕುವವರೂ ಕಡಿಮೆ.

ಹಾಗೆಂದು ದೂರಿದವರೆಲ್ಲ ತಿಳಿಗೇಡಿಗಳಲ್ಲ. ಸೂಪರ್‌ಹಾಟ್ ವಿಆರ್‌ಗೆ ಅಮೆರಿಕದಲ್ಲಿ ಸುಮಾರು 25 ಡಾಲರ್ ಬೆಲೆ. ಕೂಲಿಯ ಲೆಕ್ಕ, ಬಸ್ ಪಾಸಿನ ಲೆಕ್ಕ ಹಾಕಿ ಬೆಳೆದ ನಮ್ಮಂಥವರು ಗಂಟೆಗೆಷ್ಟು ರೂಪಾಯಿ ಎಂದು ಕೇಳುವುದು ನ್ಯಾಯವೇ. ನನ್ನ ತಕರಾರು ಲೆಕ್ಕ ಹಾಕುವುದರ ಬಗ್ಗೆ ಅಲ್ಲ, ಅದೊಂದೇ ಲೆಕ್ಕ ಎನ್ನುವುದರ ಬಗ್ಗೆ. ನಮ್ಮ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳಲ್ಲಿ ಇರುವುದು ಕೆಲವೇ ಸಾಲು. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದಾಗ ಯಾರೂ ‘ಇಷ್ಟೇನಾ’ ಎನ್ನಲಿಲ್ಲ. ಉದ್ದ ಒಂದು ಅಳತೆ ಮಾತ್ರ. ಆಟ ಎಷ್ಟು ಹೊತ್ತಿನದು ಎಂದು ತಯಾರಕರು ಕೊಳ್ಳುವ ಮೊದಲೇ ಹೇಳಲಿ; ಆಮೇಲೆ ಒಪ್ಪುವುದು ಬಿಡುವುದು ನಮಗೆ ಸೇರಿದ್ದು.

ಈ ಜಗಳದಲ್ಲಿ ಚಿಕ್ಕ ತಯಾರಕರಿಗೆ ಬೀಳುವ ಪೆಟ್ಟು ದೊಡ್ಡದು. ಸ್ಟೀಮ್ ನಿಯಮದಂತೆ, ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಗ್ರಾಹಕನಿಗೆ ಒಳ್ಳೆಯ ನಿಯಮ. ಆದರೆ ಇಡೀ ಆಟವೇ 2 ಗಂಟೆಯೊಳಗೆ ಮುಗಿದರೆ? 2021ರಲ್ಲಿ ‘ಸಮ್ಮರ್ ಆಫ್ 58’ ಎಂಬ ಪುಟ್ಟ ಭಯಾನಕ ಆಟ ಮಾಡಿದ ‘ಎಮಿಕಾ ಗೇಮ್ಸ್’ಗೆ ಹೀಗೇ ಆಯಿತು. ಮೆಚ್ಚಿ ರಿವ್ಯೂ ಬರೆದವರಲ್ಲೂ ಹಲವರು ಹಣ ವಾಪಸ್ ಪಡೆದರು. ಮುಂದಿನ ಆಟ ಮಾಡಲು ಹಣವಿಲ್ಲ ಎಂದು ಅದರ ತಯಾರಕ ಅನಿರ್ದಿಷ್ಟ ಕಾಲ ಈ ಕೆಲಸ ಬಿಡುವುದಾಗಿ ಹೇಳಬೇಕಾಯಿತು. ಹೋಟೆಲಿನಲ್ಲಿ ಪೂರ್ತಿ ಊಟ ಮಾಡಿ, ಚೆನ್ನಾಗಿತ್ತು ಎಂದು ಹೇಳಿ, ದುಡ್ಡು ವಾಪಸ್ ಕೇಳಿದರೆ ನಾಳೆ ಆ ಹೋಟೆಲ್ ಇರುವುದಿಲ್ಲ.

ಸೂಪರ್‌ಹಾಟ್ ಹುಟ್ಟಿದ್ದೂ ಚಿಕ್ಕದಾಗಿಯೇ. ಪೋಲೆಂಡ್‌ನ ಒಂದು ತಂಡ 2013ರಲ್ಲಿ, ಏಳು ದಿನದಲ್ಲಿ ಆಟ ಮಾಡುವ ಸ್ಪರ್ಧೆಗೆಂದು ಅದರ ಮೊದಲ ರೂಪ ಮಾಡಿತು. ವಿಆರ್ ರೂಪ ಬಂದದ್ದು 2016ರ ಡಿಸೆಂಬರ್‌ನಲ್ಲಿ. ಹೊಗಳಿಕೆಯೇ ಹೆಚ್ಚಿತ್ತು, ‘ಚಿಕ್ಕದಾಯಿತು’ ಎಂಬ ಗೊಣಗಾಟವೂ ಜೊತೆಗಿತ್ತು. 2021ರ ಜುಲೈನಲ್ಲಿ, ಆಟಗಾರ ತನಗೆ ತಾನೇ ಹಾನಿ ಮಾಡಿಕೊಳ್ಳಬೇಕಾದ ಕೆಲವು ದೃಶ್ಯಗಳನ್ನು ತಂಡ ಪೂರ್ತಿ ತೆಗೆದುಹಾಕಿತು. ಅವನ್ನು ಬಿಟ್ಟು ಮುಂದೆ ಹೋಗುವ ಆಯ್ಕೆ ಅದಕ್ಕೂ ಮೊದಲೇ ಇತ್ತು. ಕೊಂಡ ವಸ್ತುವಿನಿಂದ ಒಂದು ಭಾಗ ಕಿತ್ತರೆಂದು ಹಲವರು ಸಿಟ್ಟಾಗಿ, ಕೆಳಮುಖದ ಹೆಬ್ಬೆಟ್ಟುಗಳ ಸುರಿಮಳೆಯೇ ಆಯಿತು.

ಆ ಸಿಟ್ಟಿನಲ್ಲಿ ಒಂದು ಪ್ರಶ್ನೆಯಿದೆ, ಅದಕ್ಕೆ ಉತ್ತರ ಸಿಗಬೇಕು: ಮಾರಿದ ಮೇಲೆ ಬದಲಿಸುವ ಹಕ್ಕು ಎಷ್ಟು? ಆದರೂ ನಾನು ತಂಡದ ಪರ. ಪರದೆಯ ಮೇಲೆ ಬೇರೆ ಯಾರಿಗೋ ಆಗುವುದನ್ನು ನೋಡುವುದು ಬೇರೆ. ಹೆಡ್‌ಸೆಟ್ ಒಳಗೆ ಆ ಕೈ ನಮ್ಮದೇ. ಪ್ರತಿವರ್ಷ ಫಲಿತಾಂಶದ ದಿನಗಳಲ್ಲಿ ನಮ್ಮ ವಯಸ್ಸಿನವರ ಸುದ್ದಿಯನ್ನು ಪತ್ರಿಕೆಯಲ್ಲಿ ಓದುವ ನನಗೆ, ಅಂಥ ದೃಶ್ಯ ಬೇಡವೆಂದವರ ಮೇಲೆ ಸಿಟ್ಟು ಬರಲಿಲ್ಲ. ಒಪ್ಪದವರೂ ಇರಬಹುದು. ಆದರೆ ‘ಈ ಬದಲಾವಣೆ ಸರಿಯಲ್ಲ’ ಎನ್ನುವುದಕ್ಕೂ ‘ಈ ಆಟ ಚೆನ್ನಾಗಿಲ್ಲ’ ಎನ್ನುವುದಕ್ಕೂ ಒಂದೇ ಹೆಬ್ಬೆಟ್ಟು ಬಳಸಿದರೆ, ಹೊಸದಾಗಿ ಕೊಳ್ಳುವವನಿಗೆ ಯಾವುದು ತಿಳಿಯುತ್ತದೆ?

ಇದೆಲ್ಲ ಕೆಲಸ ಹುಡುಕುವ ನಮಗೆ ಯಾಕೆ? 2012ರಲ್ಲೇ ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆ ನೀತಿ ರೂಪಿಸಿದ ರಾಜ್ಯ ನಮ್ಮದು. 2024ರ ಹೊಸ ನೀತಿಯಲ್ಲಿ ವಿಆರ್‌ನಂಥ ತಂತ್ರಜ್ಞಾನಗಳೂ ಸೇರಿವೆ. ಈ ಕ್ಷೇತ್ರದಲ್ಲಿ ಕೋಡ್ ಬರೆಯುವವರಷ್ಟೇ ಅಲ್ಲ, ಆಡಿ ನೋಡಿ ‘ಇಲ್ಲಿ ತಲೆ ಸುತ್ತಿತು, ಇಲ್ಲಿ ಬೇಸರವಾಯಿತು, ಕಾರಣ ಇದು’ ಎಂದು ಸ್ಪಷ್ಟವಾಗಿ ಬರೆಯುವವರೂ ಬೇಕು. ಅಣ್ಣ ಓದಿದ್ದು ಬಿ.ಕಾಂ. ‘ಇಂಟರ್‌ವ್ಯೂನಲ್ಲಿ ಒಂದು ಆಟ ಆಡಿಸಿ, ಏನನ್ನಿಸಿತು ಬರಿ ಅಂದ್ರು. ಸೂಪರ್ ಅಂತ ಬರೆದೋರೂ ಹೋದ್ರು, ವೇಸ್ಟ್ ಅಂತ ಬರೆದೋರೂ ಹೋದ್ರು’ ಎಂದು ನಕ್ಕ.

ನಾವು ಸಿನಿಮಾ, ಕಾಲೇಜು, ಮೇಷ್ಟ್ರು, ಕೊನೆಗೆ ಗೆಳೆಯರನ್ನೂ ‘ಸೂಪರ್’ ಅಥವಾ ‘ವೇಸ್ಟ್’ ಎಂಬ ಎರಡೇ ಮಾತಿನಲ್ಲಿ ಮುಗಿಸುತ್ತೇವೆ. ನಮ್ಮನ್ನು ಯಾರಾದರೂ ಹಾಗೆ ಅಳೆದರೆ ಮಾತ್ರ ನೋವಾಗುತ್ತದೆ. ಒಂದು ಅಂಕದಲ್ಲಿ ತಪ್ಪಿಹೋದ ಕೆಲಸಕ್ಕೆ ಯಾರೂ ಕಾರಣ ಬರೆದು ಕಳಿಸುವುದಿಲ್ಲ ಎಂದು ಬೇಸರಪಡುವ ನಾವು, ಬೇರೆಯವರ ಶ್ರಮಕ್ಕೆ ಕಾರಣ ಕೊಡುವುದನ್ನಾದರೂ ಕಲಿಯಬಹುದು.

ಅಣ್ಣ ಬೆಂಗಳೂರಿಗೆ ಹೊರಡುವ ಹಿಂದಿನ ರಾತ್ರಿ ನಾನು ರಿವ್ಯೂ ಬರೆದೆ: ‘ಎರಡು ಗಂಟೆಗೆ ಈ ಬೆಲೆ ನನಗೆ ಹೆಚ್ಚು. ಆದರೆ ಗುಂಡು ಕಿವಿಯ ಪಕ್ಕ ನಿಧಾನಕ್ಕೆ ಹೋದ ಆ ಕ್ಷಣ ಬೇರೆಲ್ಲೂ ಸಿಕ್ಕಿಲ್ಲ. ಬೆಲೆ ಇಳಿದಾಗ ಕೊಳ್ಳಿ.’ ಅಣ್ಣ ಓದಿ, ‘ಈಗ ಮಾಡಿದೋರಿಗೂ ಕೊಳ್ಳೋರಿಗೂ ಉಪಯೋಗ ಆಯ್ತು’ ಎಂದ. ಹೆಬ್ಬೆಟ್ಟು ಮೇಲೋ ಕೆಳಗೋ ಎಂದು ಬಹಳ ಹೊತ್ತು ಯೋಚಿಸಿದೆ. ಕೊನೆಗೆ ಮೇಲೆ ಮಾಡಿದೆ.